ಇಪ್ಪತ್ತೆರಡು ನಿಮಿಷದ ಮೃಣಾಲಿನಿ

ವಿಜಯವಾಡದ ಪಟಮಟದಲ್ಲಿ ಯಾರನ್ನೇ ಕೇಳಿ, ಮೃಣಾಲಿನಿ ಓಡುವುದನ್ನು ಕಂಡವರೇ ಹೊರತು ನಡೆಯುವುದನ್ನು ಕಂಡವರಿಲ್ಲ. ತರಕಾರಿಯವನ ಹತ್ತಿರ ಚೌಕಾಸಿ ಮಾಡುತ್ತ ನಿಂತವಳು, ಬದನೆಕಾಯಿ ತೂಗುವಷ್ಟರಲ್ಲಿ “ಅಯ್ಯೋ, ಹಾಡು ಮುಗೀತು” ಎಂದು ಚೀಲ ಎತ್ತಿಕೊಂಡು ಹೊರಟೇಬಿಡುತ್ತಾಳೆ. ಇವಳಿಗೇನು ಹುಚ್ಚೇ ಎಂದುಕೊಳ್ಳುತ್ತಾರೆ ಹೊಸಬರು. ಹುಚ್ಚಲ್ಲ ಸ್ವಾಮಿ, ಗ್ರಹಚಾರ.

ಅತ್ತೆ ಸೀತಾಮಹಾಲಕ್ಷ್ಮಿ ಹಾಸಿಗೆ ಹಿಡಿದು ಆರು ವರ್ಷ. ನೆನಪೆಲ್ಲ ಒಂದೊಂದಾಗಿ ಕಳಚಿ, ಉಳಿದದ್ದು ಮಾವ ಬದುಕಿದ್ದಾಗ ತಂದ ಒಂದು ಭಜನೆಯ ರೆಕಾರ್ಡು. ಅದು ತಿರುಗುತ್ತಿದ್ದರೆ ಆಕೆ ಹಸುಗೂಸು. ನಿಂತರೆ ಬೀದಿಗೆಲ್ಲ ಕೇಳುವ ಕೂಗಾಟ. ಒಮ್ಮೆ ಮಂಚದಿಂದ ಬಿದ್ದು ಕೈ ಮುರಿದುಕೊಂಡದ್ದೂ ಆಗಿದೆ. ಫೋನಿನಲ್ಲಿ ಹಾಡು ಹಾಕಿಕೊಟ್ಟರೆ ಫೋನನ್ನೇ ಎಸೆದರು. ರೆಕಾರ್ಡಿನ ಒಂದು ಮಗ್ಗುಲು ಇಪ್ಪತ್ತೆರಡು ನಿಮಿಷ. ಮುಗಿದ ಕೂಡಲೇ ಮಗುಚಿ ಹಾಕಬೇಕು. ತುಮಕೂರಿನ ಕಾಲೇಜಿನಲ್ಲಿ ಓಟದ ಪಂದ್ಯದ ಕಪ್ಪು ಗೆದ್ದವಳ ಪ್ರಪಂಚ ಈಗ ಹನ್ನೊಂದು ನಿಮಿಷ ಹೋಗಿ ಹನ್ನೊಂದು ನಿಮಿಷ ಬರುವಷ್ಟು.

ಗಂಡ ರಾಮ್‌ಪ್ರಸಾದ್ ಒಳ್ಳೆಯವನೇ. ಒಳ್ಳೆಯವರ ಜೊತೆಗೇ ಕಷ್ಟ ನೋಡಿ, ಬೈಯುವುದಕ್ಕೂ ಬಾಯಿ ಬರುವುದಿಲ್ಲ. ಗವರ್ನರ್‌ಪೇಟೆಯ ಸಗಟು ಅಂಗಡಿ ಬಿಟ್ಟರೆ ಅವನಿಗೆ ಬೇರೆ ಲೋಕವಿಲ್ಲ. ಈ ಸಲ ಮಾತ್ರ ಮೃಣಾಲಿನಿ ಹಟ ಹಿಡಿದಳು. ಬ್ಯಾಂಕಿನ ವರ್ಗದ ಮೇಲೆ ವಿಶಾಖಪಟ್ನಂಗೆ ಬಂದಿದ್ದ ತಂಗಿ ಗಗನಾ ಮನೆಗೆ ಕರೆದಿದ್ದಳು.

“ರೀ, ಆರು ವರ್ಷಕ್ಕೆ ನಾಲ್ಕೇ ನಾಲ್ಕು ದಿನ ಕೇಳ್ತಿದೀನಿ.”

“ಹೋಗು, ಬೇಡ ಅಂದ್ನಾ? ಅಂಗಡಿಗೆ ರಜ ಹಾಕ್ತೀನಿ. ಆದ್ರೆ ಆ ಪ್ಲೇಯರು ನನ್ ಮಾತು ಕೇಳಲ್ವಲ್ಲ!”

ಅದೂ ನಿಜವೇ. ಬೆಲ್ಟು ಸಡಿಲ, ಮೋಟಾರು ಮುದಿ. ಶುರುವಿನಲ್ಲಿ ತಟ್ಟೆಯನ್ನು ಬೆರಳಿನಿಂದ ಮೆಲ್ಲಗೆ ತಳ್ಳಿಕೊಡಬೇಕು. ಆ ಹದ ಗೊತ್ತಿರುವುದು ಮೃಣಾಲಿನಿಯ ಬೆರಳಿಗೆ ಮಾತ್ರ. ಹಾಗಾದರೆ ಹದವೇ ಬೇಡದ ಮೋಟಾರು ಹಾಕಿಸೋಣ ಎಂದು ಅವಳೇ ರೇಡಿಯೋ ರಿಪೇರಿಯ ಚಂದ್ರಮೌಳಿಯವರನ್ನು ಕರೆಸಿದಳು. ಅವರು ಹಳೆಯದನ್ನು ಕಿತ್ತು ಹೊಸ ಮೋಟಾರು ಕೂರಿಸಿ, ಹೊಸ ರಬ್ಬರ್ ಬೆಲ್ಟು ಏರಿಸಿ, ವೇಗ ಹೆಚ್ಚುಕಡಿಮೆ ಮಾಡಲು ಪಕ್ಕದಲ್ಲೊಂದು ನಾಬು ಇಟ್ಟರು. ಗೆರೆ ಎಳೆದ ಕಾಗದದ ಬಿಲ್ಲೆಯನ್ನು ತಟ್ಟೆಯ ಮೇಲೆ ತಿರುಗಿಸಿ, ದೀಪದ ಬೆಳಕಿನಲ್ಲಿ ಗೆರೆಗಳು ನಿಂತ ಹಾಗೆ ಕಂಡರೆ ವೇಗ ಕರಾರುವಾಕ್ಕು ಎಂದು ತೆಲುಗಿನಲ್ಲಿ ಪಾಠ ಹೇಳಿ ಹೋದರು.

ಮೃಣಾಲಿನಿ ರೆಕಾರ್ಡು ಹಾಕಿದಳು. ಅತ್ತೆ ಕಣ್ಣು ಬಿಟ್ಟರು.

“ಎವರೀವಿಡ? ಇದಿ ನಾ ಪಾಟ ಕಾದು!”

ಯಾರಿವಳು, ಇದು ನನ್ನ ಹಾಡಲ್ಲ ಎಂದು ಕೂಗೇ ಕೂಗು. ಆರು ವರ್ಷ ಸೋತ ಬೆಲ್ಟಿನಲ್ಲಿ ಎಳೆದೆಳೆದು ಹಾಡಿದವಳೇ ಆಕೆಯ ಪಾಲಿನ ಗಾಯಕಿ. ಸರಿಯಾದ ವೇಗದಲ್ಲಿ ಹಾಡುವವಳು ಯಾರೋ ಮಾರಿ. ಸರಿಯಾದ ವೇಗಕ್ಕೆ ಮಗ್ಗುಲು ಮುಗಿಯುವುದೂ ಇಪ್ಪತ್ತೇ ನಿಮಿಷಕ್ಕೆ. ನನ್ನ ಎರಡು ನಿಮಿಷವೂ ಹೋಯಿತಲ್ಲ ಎಂದು ಮೃಣಾಲಿನಿಗೆ ಮೊದಲು ಅನಿಸಿತು. ಆಮೇಲೆ ನಾಚಿಕೆಯಾಯಿತು, ಅಳುವೂ ಬಂತು.

ಕಣ್ಣೊರೆಸಿಕೊಂಡು ನಾಬಿಗೆ ಕೈ ಹಾಕಿದಳು. ಕಿವಿಗೊಟ್ಟು, ಕೂದಲೆಳೆಯಷ್ಟೇ ಹಿಂದಕ್ಕೆ, ಇನ್ನಷ್ಟು ಹಿಂದಕ್ಕೆ ತಿರುಗಿಸಿದಳು. ಹಾಡು ಹಳೆಯ ದನಿಗೆ ಇಳಿಯಿತು. ಅತ್ತೆ ತೆಪ್ಪಗಾದರು.

“ನೋಡಿದ್ಯಾ, ನೀನಿಲ್ದೆ ಆಗಲ್ಲ!” ಎಂದ ರಾಮ್‌ಪ್ರಸಾದ್. ಹೊಗಳಿಕೆಯೆಂದೇ ಅಂದದ್ದು, ಪಾಪ.

ಆರು ವರ್ಷ ಮೃಣಾಲಿನಿಯನ್ನು ಕಟ್ಟಿಹಾಕಿದ್ದು ಈ ಮಾತೇ. ಹಣೆಯ ಬಿಂದಿಯನ್ನು ಕಿತ್ತವಳೇ ನಾಬಿನ ಮೇಲಿನ ಗೆರೆಯ ಎದುರಿಗೆ, ಪ್ಲೇಯರಿನ ಮೈಗೆ ಅಂಟಿಸಿಬಿಟ್ಟಳು.

“ಛೆ, ಇದೇನಿದು! ಮುತ್ತೈದೆ ಹಣೆ ಬೋಳು ಮಾಡ್ಕೋತಾರಾ?”

“ಇನ್ನೊಂದು ಇಟ್ಕೋತೀನಿ. ಗೆರೆ ಬಿಂದಿಗೆ ಬಂದ್ರೆ ಸಾಕು ರೀ, ಅದಕ್ಕೆ ನಾನೇ ಬೇಕಾಗಿಲ್ಲ.”

ಮರುವಾರ ರೈಲು ಹತ್ತಿದಳು. ವಿಶಾಖಪಟ್ನಂ ತಲುಪಿದ ಮಧ್ಯಾಹ್ನ ರಾಮ್‌ಪ್ರಸಾದನ ಫೋನು: ಎಲ್ಲ ಸರಿಯಾಗಿದೆ, ಅಮ್ಮ ಹಾಡು ಕೇಳುತ್ತಿದ್ದಾರೆ, ನಿಶ್ಚಿಂತೆಯಾಗಿರು. ಸಂಜೆ ಅಕ್ಕತಂಗಿಯರು ಸಮುದ್ರದ ದಂಡೆಯಲ್ಲಿ ಕೂತರು. ಕೈಯಲ್ಲಿ ಮಂಡಕ್ಕಿ ಪೊಟ್ಟಣ, ಬಾಯಲ್ಲಿ ತುಮಕೂರಿನ ಸುದ್ದಿ. ಮಾತಿನ ನಡುವೆ ಮೃಣಾಲಿನಿ ದಡಕ್ಕನೆ ಎದ್ದು, ಚಪ್ಪಲಿ ಕೈಗೆತ್ತಿಕೊಂಡು ಮರಳಿನಲ್ಲಿ ಓಡತೊಡಗಿದಳು.

“ಅಕ್ಕಾ, ಎಲ್ಲಿಗೇ?”

“ಹಾಡು ಮುಗೀತು ಕಣೇ!”

ಅಂದವಳು ನಿಂತಳು. ಸುತ್ತ ನೋಡಿದಳು. ಪೆಚ್ಚುನಗೆ ನಗುತ್ತ ಬಂದು ಮತ್ತೆ ಕೂತಳು. ಗಗನಾಳೂ ನಕ್ಕಳು, ಯಾಕೋ ಕೈಗಡಿಯಾರ ನೋಡಿಕೊಂಡಳು. ಮಾತು ಮುಂದುವರಿಯಿತು. ಅಕ್ಕ ಎರಡನೆಯ ಸಲ ಎದ್ದು ಚಪ್ಪಲಿಗೆ ಕೈ ಹಾಕಿದಾಗ ಗಗನಾ ಮತ್ತೆ ಗಡಿಯಾರ ನೋಡಿದಳು. ಸರಿಯಾಗಿ ಇಪ್ಪತ್ತೆರಡು ನಿಮಿಷವಾಗಿತ್ತು. ಈ ಸಲ ಅವಳು ನಗಲಿಲ್ಲ. ಅಕ್ಕನ ಸೆರಗು ಹಿಡಿದುಕೊಂಡಳು.