ಯಾರೂ ಕೂರದ ಮಷೀನು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರೆಲ್ಲ ಹೇಳುತ್ತಾರೆ. ಹೇಳಲಿ ಬಿಡಿ. ಶಿವಮೊಗ್ಗದ ಆ ಕಂಪ್ಯೂಟರ್ ಸೆಂಟರಿನಲ್ಲಿ ನಾಲ್ಕು ವರ್ಷ ಪಾಠ ಮಾಡಿಯೂ ಸಿಟ್ಟು ಬರದವರು ಯಾರಾದರೂ ಇದ್ದರೆ ಅವರನ್ನು ಕೂರಿಸಿ ಪೂಜೆ ಮಾಡಬೇಕು.

ಅದು ಮೊದಲು ಟೈಪಿಂಗ್ ಇನ್‌ಸ್ಟಿಟ್ಯೂಟ್ ಆಗಿತ್ತು. ಎರಡು ಸಾವಿರದ ಇಸವಿ ಹತ್ತಿರ ಬಂದಾಗ ಟೈಪಿಂಗ್ ಕಲಿಯುವವರೇ ಇಲ್ಲವಾದರು. ಮಾಲೀಕರಾದ ಮೇಷ್ಟ್ರು ಟೈಪ್‌ರೈಟರುಗಳನ್ನು ಹಿಂದಿನ ಕೋಣೆಗೆ ಸಾಗಿಸಿ, ಅವೇ ಮೇಜುಗಳ ಮೇಲೆ ಕಂಪ್ಯೂಟರ್ ಇಟ್ಟರು. ಮೇಜೂ ಬದಲಾಗಲಿಲ್ಲ, ಮೇಷ್ಟ್ರೂ ಬದಲಾಗಲಿಲ್ಲ. ಗಂಟೆಗೊಂದು ಬ್ಯಾಚು. ಗಂಟೆ ಮುಗಿದ ಕೂಡಲೇ ಎದ್ದು ಮಷೀನಿಗೆ ಕವರ್ ಹಾಕಬೇಕು. ಯಾರೂ ಕೂತಿಲ್ಲದ ಮಷೀನು ತೆರೆದಿರುವುದು ಅವರ ಕಣ್ಣಿಗೆ ಆಗದು. ಗೋಡೆ ತುಂಬ ಅವರದೇ ಕೈಬರಹದ ಬೋರ್ಡುಗಳು: ಚಪ್ಪಲಿ ಹೊರಗೆ ಬಿಡಿ, ಮಾತಾಡಬೇಡಿ, ಮೇಜಿಗೆ ಒರಗಬೇಡಿ.

ನಾನು ಅಲ್ಲಿ ವೆಬ್ ಡಿಸೈನ್ ಕೋರ್ಸ್ ಶುರು ಮಾಡಿದೆ. ಪುಟ ಮಾಡಿದರೆ ಸಾಲದು, ಅದು ಸರ್ವರಿನ ಮೇಲೆ ಓಡಬೇಕು, ಪರೀಕ್ಷಕರು ಬಂದು ನೋಡಬೇಕು ಎಂದು ನಿಯಮ. ಇಂಟರ್ನೆಟ್ಟನ್ನು ನಂಬುವಂತಿರಲಿಲ್ಲ, ಫೋನಿಗೆ ಸಿಕ್ಕಿಸಿದ ಮೋಡೆಮ್ ಕಿರ್ರೋ ಎಂದು ಅರಚಿಕೊಂಡು ಹತ್ತು ಸಲದಲ್ಲಿ ಎರಡು ಸಲ ಕನೆಕ್ಟ್ ಆಗುತ್ತಿತ್ತು. ಹಾಗಾಗಿ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಹಳೇ ಕಂಪ್ಯೂಟರೊಂದನ್ನೇ ಸರ್ವರ್ ಮಾಡಲು ಎಳೆದುಕೊಂಡೆ. ಪತ್ರಿಕೆಯೊಂದರ ಜೊತೆ ಪುಕ್ಕಟೆ ಬಂದಿದ್ದ ಲಿನಕ್ಸ್ ಸಿ.ಡಿ. ಹಾಕಿದೆ. ಮಾಡಬೇಕಾದ್ದು ಇಷ್ಟೇ: ಮಷೀನಿಗೆ ವಿಳಾಸವಾಗಿ ಒಂದು ನಂಬರು ಕೊಡುವುದು, ಪುಟಗಳನ್ನು ಒಂದು ಫೋಲ್ಡರಿನಲ್ಲಿ ಇಡುವುದು, ಸರ್ವರ್ ಪ್ರೋಗ್ರಾಮನ್ನು ಶುರು ಮಾಡುವುದು. ಹೇಳಿದಷ್ಟು ಸುಲಭವಾಗಿದ್ದರೆ! ಮೂರು ಭಾನುವಾರ ತಿಂದು ಹಾಕಿತು. ಪಕ್ಕದ ಮಷೀನಿನಿಂದ ಆ ನಂಬರು ಹೊಡೆದರೆ, ನಿನಗೆ ಈ ಪುಟ ನೋಡಲು ಅನುಮತಿ ಇಲ್ಲ ಎನ್ನುತ್ತಿತ್ತು. ನಾನೇ ಬರೆದು ನಾನೇ ಇಟ್ಟ ಪುಟ, ನನಗೇ ಕೊಡುವುದಿಲ್ಲವಂತೆ! ಫೋಲ್ಡರನ್ನು ಬೇರೆಯವರೂ ಓದುವ ಹಾಗೆ ತೆರೆದಿಡಬೇಕು ಎಂಬ ಚಿಕ್ಕ ಸಂಗತಿ ಹೊಳೆಯುವಷ್ಟರಲ್ಲಿ ಕೀಬೋರ್ಡಿಗೆ ಎರಡು ಸಲ ಗುದ್ದಿದ್ದೆ.

ಕೊನೆಗೆ ಓಡಿತು. ಖುಷಿಯಲ್ಲಿ ಇಡೀ ಬ್ಯಾಚಿಗೆ ಕೂಗಿ ಹೇಳಿದೆ, "ಇದು ಹೋಟ್ಲು ಕೌಂಟರ್ ಇದ್ದಂಗೆ ಮಾರಾಯ್ರೆ. ಯಾರು ಯಾವಾಗ ಬಂದು ಕೇಳಿದ್ರೂ ಕೊಡ್ಬೇಕು. ಬಾಗ್ಲು ಹಾಕಂಗಿಲ್ಲ."

ಮೇಷ್ಟ್ರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ಅದ್ರ ಮುಂದೆ ಯಾರೂ ಕೂರಲ್ವೇನಮ್ಮ? ಮತ್ಯಾಕೆ ಸುಮ್ನೆ ಆನ್ ಮಾಡಿಡ್ತೀಯ?"

"ನಿಮಗೆ ಅರ್ಥ ಆಗಲ್ಲ ಬಿಡಿ ಮೇಷ್ಟ್ರೇ" ಅಂದೆ. ಬಿಡಿಸಿ ಹೇಳುವ ತಾಳ್ಮೆ ಯಾರಿಗಿತ್ತು?

ಆ ಬ್ಯಾಚಿನಲ್ಲಿ ಭದ್ರಾವತಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ಒಬ್ಬ ಹೆಂಗಸಿದ್ದಳು. ನನಗಿಂತ ಐದಾರು ವರ್ಷ ದೊಡ್ಡವಳು. ಮನೆಯಲ್ಲಿ ತೆಲುಗು, ನಮ್ಮೊಡನೆ ಮೆತ್ತನೆಯ ಕನ್ನಡ. ಗಂಡನಿಗೆ ಕಾರ್ಖಾನೆಯ ಕೆಲಸ ಹೋಗಿ ಎರಡು ವರ್ಷವಾಗಿತ್ತು. ಅವಳ ಮನೆ ಹತ್ತಿರದ ಶಾಲೆಯೊಂದರಲ್ಲಿ ಕಂಪ್ಯೂಟರ್ ಟೀಚರ್ ಬೇಕಾಗಿದ್ದರು. ಸೋಮವಾರದೊಳಗೆ ಸರ್ಟಿಫಿಕೇಟ್ ತಂದರೆ ಕೆಲಸ ನಿನಗೇ ಎಂದು ಹೆಡ್‌ಮಿಸ್ ಮಾತು ಕೊಟ್ಟಿದ್ದರು. ನಮ್ಮ ಪರೀಕ್ಷೆ ಇದ್ದದ್ದು ಅದರ ಹಿಂದಿನ ಶುಕ್ರವಾರ. ಆ ಶಾಲೆಯದೇ ಹನ್ನೊಂದು ಪುಟ ಮಾಡಿದ್ದಳು. ವೇಳಾಪಟ್ಟಿ, ರಜೆಯ ಪಟ್ಟಿ, ಶಾಲೆಯ ಮುಂದೆ ಯಾವ ಬಸ್ಸು ನಿಲ್ಲುತ್ತದೆ ಎಂಬುದೂ ಇತ್ತು. ಇಡೀ ಬ್ಯಾಚಿನಲ್ಲಿ ಅಷ್ಟು ಅಚ್ಚುಕಟ್ಟಾದ ಕೆಲಸ ಇನ್ನೊಬ್ಬರದಿರಲಿಲ್ಲ.

ಎಲ್ಲರ ಪುಟಗಳೂ ಇದ್ದದ್ದು ಸರ್ವರಿನಲ್ಲಿ ಮಾತ್ರ, ಅದರ ಹಾರ್ಡ್ ಡಿಸ್ಕೋ ಮುದಿಯಾಗಿತ್ತು. ಸಂಜೆ ಆರಿಸಿದರೆ ಬೆಳಿಗ್ಗೆ ಏಳಲು ಕಟಕಟ ಎಂದು ಹಟ ಮಾಡುತ್ತಿತ್ತು. ಪರೀಕ್ಷೆಯ ದಿನ ಈ ರಗಳೆ ಬೇಡವೆಂದು ಗುರುವಾರ ಸಂಜೆ ಆರಿಸಲೇ ಇಲ್ಲ. ಆರಿಸಬೇಡಿ ಎಂದು ದಪ್ಪ ಅಕ್ಷರದಲ್ಲಿ ಬರೆದ ಹಾಳೆಯನ್ನು ಮಾನಿಟರಿಗೆ ಅಂಟಿಸಿ, ರವೀಂದ್ರನಗರದ ಮನೆಗೆ ನಿಶ್ಚಿಂತೆಯಿಂದ ಹೋದೆ.

ಬೆಳಿಗ್ಗೆ ಬಂದು ನೋಡಿದರೆ ಸರ್ವರ್ ಆರಿದೆ. ಮೇಲೆ ನೀಟಾಗಿ ಕವರ್ ಹಾಕಿದೆ. ನನ್ನ ಹಾಳೆ ಕವರಿನೊಳಗೆ ಮಾನಿಟರಿನ ಮೇಲೆ ಹಾಗೇ ಇದೆ. ಸ್ವಿಚ್ ಒತ್ತಿದೆ. ಕಟ್, ಕಟ್, ಕಟ್. ಮತ್ತೆ ಒತ್ತಿದೆ. ಹತ್ತು ಸಲ ಒತ್ತಿರಬೇಕು. ಡಿಸ್ಕ್ ಏಳಲಿಲ್ಲ, ಆಮೇಲೆ ಎಂದೂ ಏಳಲಿಲ್ಲ.

ಪರೀಕ್ಷಕರು ಒಂಬತ್ತೂವರೆಗೆ ಬಂದರು. ಕೈಮುಗಿದು ಕೇಳಿಕೊಂಡೆ. "ಪುಟ ಇಲ್ದೆ ಏನಂತ ಮಾರ್ಕ್ಸ್ ಹಾಕ್ಲಿ? ಮೂರು ತಿಂಗ್ಳಿಗೆ ಮತ್ತೆ ಪರೀಕ್ಷೆ ಇದ್ಯಲ್ಲಮ್ಮ, ಆಗ ಕೂರ್ಲಿ" ಎಂದು ಕಾಫಿ ಕುಡಿದು ಎದ್ದು ಹೋದರು. ಮಿಕ್ಕವರು ಗೊಣಗಿಕೊಂಡು ಮನೆಗೆ ಹೊರಟರು. ಭದ್ರಾವತಿಯ ಹೆಂಗಸು ಮಾತ್ರ ಬ್ಯಾಗನ್ನು ಮಡಿಲಲ್ಲಿಟ್ಟುಕೊಂಡು ತನ್ನ ಜಾಗದಲ್ಲೇ ಕೂತಿದ್ದಳು.

ಆಗ ಮೇಷ್ಟ್ರು ಒಳಗೆ ಬಂದರು. ನನ್ನ ಮೈಯೆಲ್ಲ ಉರಿದುಹೋಯಿತು.

"ಓದೋಕೆ ಬರಲ್ವೇನ್ರಿ ನಿಮ್ಗೆ? ಅಷ್ಟು ದೊಡ್ಡದಾಗಿ ಬರೆದು ಅಂಟಿಸಿದ್ನಲ್ಲ!"

"ಓದಿದೆ ಕಣಮ್ಮ. ಬೋರ್ಡು ಹುಡುಗ್ರಿಗಲ್ವಾ? ನನಗೇಂತ ಹೆಂಗೆ ಗೊತ್ತಾಗ್ಬೇಕು? ಯಾರೂ ಕೂತಿರ್ಲಿಲ್ಲ, ಮರ್ತು ಹೋಗಿದೀಯ ಅಂತ ನಾನೇ ಆರ್ಸಿ ಕವರ್ ಹಾಕ್ದೆ."

ಬೋರ್ಡು ಹುಡುಗರಿಗಂತೆ! ಆ ಕಟ್ಟಡದಲ್ಲಿ ಗೋಡೆಯ ಮೇಲಿನ ಮಾತು ಮೂವತ್ತು ವರ್ಷದಲ್ಲಿ ಒಂದು ಸಲವೂ ಅವರಿಗೆ ಅನ್ವಯಿಸಿರಲಿಲ್ಲ, ನಿಜ. ಆದರೆ ಅದನ್ನೆಲ್ಲ ಯೋಚಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ. ಬಾಯಿಗೆ ಬಂದದ್ದೆಲ್ಲ ಅಂದೆ. ನಿಮ್ಮ ಟೈಪಿಂಗ್ ಬುದ್ಧಿಗಿಷ್ಟು ಬೆಂಕಿ ಹಾಕ, ಒಬ್ಬಳ ಅನ್ನ ಕಿತ್ತುಕೊಂಡಿರಿ ಎಂದೆ. ಎಪ್ಪತ್ತರ ಹತ್ತಿರದ ಮನುಷ್ಯ, ಅಪರಾಧಿಯಂತೆ ಕೈಕಟ್ಟಿ ನಿಂತಿದ್ದರು.

"ಅವ್ರನ್ನ ಯಾಕೆ ಬೈತೀರಾ ಮೇಡಂ?"

ಅವಳು ಎದ್ದು ನಿಂತಿದ್ದಳು. ಆರು ತಿಂಗಳಲ್ಲಿ ಅವಳ ಧ್ವನಿ ಅಷ್ಟು ಜೋರಾಗಿ ಕೇಳಿದ್ದು ಅದೇ ಮೊದಲು. "ಹೋದ ವಾರ ಕೇಳಿದ್ನಲ್ಲ, ಒಂದು ಫ್ಲಾಪಿಗೆ ಹಾಕ್ಕೊಂಡು ಮನೇಲಿಟ್ಕೊಳ್ಲಾ ಅಂತ. ಫ್ಲಾಪಿ ತಂದ್ರೆ ವೈರಸ್ ಬರುತ್ತೆ, ಸರ್ವರ್ ಇರೋದ್ಯಾಕೆ, ಸುಮ್ನೆ ಕೂತ್ಕೊಳಿ ಅಂತ ಎಲ್ರ ಮುಂದೆ ಗದರಿದ್ರಿ. ನಾನು ಸುಮ್ನೆ ಕೂತ್ಕೊಂಡೆ."

ಹೌದು, ಗದರಿದ್ದೆ. ಡಿಸ್ಕ್ ಸಾಯುತ್ತಿದೆ ಎಂದು ಆ ಸೆಂಟರಿನಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೆ. ಆದರೂ ಒಂದು ಪ್ರತಿ ತೆಗೆದಿಡಲಿಲ್ಲ, ತೆಗೆದಿಡುತ್ತೇನೆ ಎಂದವಳ ಬಾಯಿ ಮುಚ್ಚಿಸಿದೆ.

ಅವಳು ಮೇಷ್ಟ್ರಿಗೆ ನಮಸ್ಕಾರ ಹೇಳಿ ಮೆಟ್ಟಿಲಿಳಿದಳು. ನಾನು ಹಿಂದೆಯೇ ಓಡಿದೆ. ಬಸ್‌ಸ್ಟ್ಯಾಂಡಿನಲ್ಲಿ ಭದ್ರಾವತಿಯ ಬಸ್ಸು ಹೊರಡಲು ನಿಂತಿತ್ತು, ಅವಳು ಕಿಟಕಿಯ ಪಕ್ಕ ಕೂತಿದ್ದಳು. ತಪ್ಪಾಯಿತು ಎನ್ನಬೇಕೆಂದೇ ಓಡಿ ಬಂದಿದ್ದೆ. ಕಿಟಕಿಯ ಸರಳು ಹಿಡಿದುಕೊಂಡು ಬಾಯಿ ತೆರೆದರೆ ಹೊರಬಿದ್ದದ್ದೇ ಬೇರೆ.

"ಆವತ್ತೇ ಹಿಂಗೆ ಗಟ್ಟಿಯಾಗಿ ಹೇಳೋಕೆ ಏನಾಗಿತ್ರಿ ನಿಮ್ಗೆ?"

ಅವಳು ಮುಖ ತಿರುಗಿಸಿದಳು. ಸೋಮವಾರ ಆ ಶಾಲೆಗೆ ಬೇರೆ ಯಾರೋ ಸೇರಿದರು.