ಗಂಗವ್ವಗ ಸಿಕ್ಕ ಪ್ರಯೋಗ

ನನಗೂ ಬಾಜೂ ಮನಿ ಗಂಗವ್ವಗೂ ಅನ್ನನಾಳದ ಕ್ಯಾನ್ಸರ್. ಸರಸಂಬಾದಿಂದ ಒಂದೇ ಬಸ್ಸಿನಾಗ ಕಲಬುರಗಿ ದವಾಖಾನಿಗೆ ಹೋಗಿದ್ವಿ. ನರ್ಸಮ್ಮ ಅಕಿಗೆ, "ನಿಮ್ಮನ್ನ ಪ್ರಯೋಗಕ್ಕ ತಗೋತೀವ್ರಿ," ಅಂದಳು.

ನಮ್ಮೂರಾಗ ಪ್ರಯೋಗ ಅಂದ್ರ ನಿಂಬಿಹಣ್ಣು ಮಂತ್ರಿಸಿ ಮಾಟ ಮಾಡೂದು. ಊರಿಗೆ ಒಯ್ಯಾಕ ಛಲೋ ಸುದ್ದಿ ಸಿಕ್ತು ಅಂತ, "ಯಾರು ಮಾಡ್ಸಾಕತ್ತಾರ್ರಿ ಮಾಟ?" ಅಂದೆ.

"ಮಾಟ ಅಲ್ರಿ ಅಜ್ಜಿ, ಹೊಸ ಔಷಧದ ಪರೀಕ್ಷೆ."

"ಹಂಗಾದ್ರ ನನ್ನೂ ತಗೋರಿ!"

"ನಿಮಗ ಮೊದಲೇ ಕೀಮೋ ಆಗ್ಯಾದಲ್ರಿ, ಇದಕ್ಕ ಬರೂದಿಲ್ಲ. ನಿಮಗ ಹೊಂದೂದು ಬ್ಯಾರೆ ಹುಡುಕ್ತೇವಿ."

ನನ್ನ ಹೊಟ್ಟಿ ಧಗಧಗ ಉರೀತು. ಅಷ್ಟರಾಗ ಗಂಗವ್ವ ನನ್ನ ಕೈ ಹಿಡದು, "ಅಂಜಿಕಿ ಬರಾಕತ್ತದ, ಒಲ್ಲೆ ಅನ್ಲೇನಬೇ?" ಅಂದಳು. ನಾ ಹೌದಂದ್ರ ಅಕಿ ಪ್ರಯೋಗ ಅಲ್ಲಿಗೇ ಮುಗೀತಿತ್ತು.

"ಸುಮ್ನ ಹೂಂ ಅನ್ನಬೇ," ಅಂದೆ. ಅಕಿ ಗಂಟಲದಾಗ ರೊಟ್ಟಿ ಇಳೀಲಿ; ನಾ ಹೊಟ್ಟೆಕಿಚ್ಚು ಪಡಾಕ ಊರಾಗ ಒಬ್ಬಾಕಿ ಬೇಕಲ್ಲ!