ಹೆಂಡದಂಗಡಿ ಕಂಬದ ಬಳಿ ನಿಂತವನು

ಮೊದಲೇ ಹೇಳಿಬಿಡುತ್ತೇನೆ, ಇಂಥ ಸಂಗತಿಗಳನ್ನು ನಾನು ನಂಬುತ್ತಿರಲಿಲ್ಲ. ನಂಬುವುದಿರಲಿ, ನಂಬುವವರನ್ನು ಗೋಳು ಹೊಯ್ದುಕೊಂಡವನು ನಾನು. ಬಾವಿಕಟ್ಟೆಯಲ್ಲಿ ಯಾರಾದರೂ ದೆವ್ವದ ಕಥೆ ಹೇಳಿದರೆ, ಮರುದಿನ ಅದೇ ಬಾವಿಯ ಹಿಂದೆ ಕೂತು ಅದೇ ದೆವ್ವದ ದನಿಯಲ್ಲಿ ಅವರ ಹೆಸರು ಹಿಡಿದು ಕರೆದಿದ್ದೇನೆ. ತಮಿಳು ಸೀಮೆಯ ಕರುಮತ್ತಂಪಟ್ಟಿಯ ನಮ್ಮ ನೇಕಾರರ ಬೀದಿಯಲ್ಲಿ ನಾನು ಅಣಕಿಸದ ಮನುಷ್ಯನಿಲ್ಲ. ಮನುಷ್ಯರು ಮುಗಿದ ಮೇಲೆ ಮೇಕೆಗಳಿಗೆ ಇಳಿದವನು. ಮನೆಯಲ್ಲಿ ಎಲ್ಲರೂ ಕನ್ನಡ ಆಡಿದರೂ ಕನ್ನಡ ಅಕ್ಷರ ಓದಬಲ್ಲವನು ಈ ಬೀದಿಯಲ್ಲಿ ಈಗ ನಾನೊಬ್ಬನೇ. ಆ ಧೈರ್ಯದಿಂದಲೇ ಇದನ್ನು ಬರೆಯುತ್ತಿದ್ದೇನೆ. ನನ್ನ ಸೋದರಮಾಮನ ಕೈಗೆ ಸಿಕ್ಕರೂ ಅವರು ಇದನ್ನು ತಲೆಕೆಳಗಾಗಿ ಹಿಡಿಯುತ್ತಾರೆ, ಅಷ್ಟೆ.

ನನಗೊಂದು ಹುಚ್ಚು. ಪಟ ಕೂಡಿಡುವುದು. ದೇವರ ಬಣ್ಣದ ಪಟಗಳಲ್ಲ. ಬೀದಿಗಳ ಕಪ್ಪು ಬಿಳುಪು ಪಟ. ಸೀರೆ ಕೊಡಲು ಕೊಯಮತ್ತೂರಿಗೆ ಹೋದಾಗಲೆಲ್ಲ ಅಲ್ಲಿನ ಒಬ್ಬ ಪಟದಯ್ಯನ ಬಳಿ ಕೂರುತ್ತಿದ್ದೆ. ಮದುವೆ ಜೋಡಿಗಳ ಪಟ ತೆಗೆದು ಹೊಟ್ಟೆ ಹೊರೆಯುವ ಅವರು, ಬಿಡುವಾದ ಬೆಳಗ್ಗೆ ಹಳೆಯ ಮರದ ಕ್ಯಾಮೆರಾ ಹೊತ್ತು ಬೀದಿಗೆ ಹೋಗುವರು. ಅದರ ಮುಚ್ಚಳ ತೆಗೆದು, ಬಾಯಲ್ಲಿ ಮೂವತ್ತು ಎಣಿಸಿ, ಮತ್ತೆ ಮುಚ್ಚುವರು. ಆ ಮೂವತ್ತರ ಒಳಗೆ ನಡೆದು ಹೋದವರು ಪಟದಲ್ಲಿ ಬೀಳುವುದಿಲ್ಲ, ಕರಗಿಬಿಡುತ್ತಾರೆ. ಕಂಬ, ಗೋಡೆ, ಕಟ್ಟಿದ ಎತ್ತು, ಕದಲದೆ ನಿಂತವರು, ಇಷ್ಟೇ ಉಳಿಯುವುದು. ಜನ ತುಂಬಿದ ಬೀದಿ ಪಟದಲ್ಲಿ ಊರೇ ಎದ್ದುಹೋದಂತೆ ಖಾಲಿಯಾಗಿರುತ್ತದೆ. ಅದನ್ನು ನೋಡಿದರೆ ನನಗೆ ಮಾತು ನಿಲ್ಲುತ್ತಿತ್ತು. ನನಗೆ ಮಾತು ನಿಲ್ಲುವುದೆಂದರೆ ಏನೆಂದು ನಮ್ಮ ಅಜ್ಜಿಯನ್ನು ಕೇಳಿ.

ಆ ಪಟಗಳನ್ನು ಯಾರೂ ಕೊಳ್ಳುತ್ತಿರಲಿಲ್ಲ. "ಆಳಿಲ್ಲದ ಪಟಕ್ಕೆ ಯಾರು ಹೂ ಹಾಕ್ತಾರೆ?" ಎಂದು ಗಿರಾಕಿಗಳು ನಗುವರು. ಆದ್ದರಿಂದ ನಮ್ಮಿಬ್ಬರ ಒಪ್ಪಂದ ಸುಲಭ: ಒಂದು ಅಣಕಕ್ಕೆ ಒಂದು ಪಟ. ಉಸಿರು ಬಿಗಿಹಿಡಿದು ಕೂರುವ ಮದುಮಗ, ಪಟ ತೆಗೆದರೆ ಆಯಸ್ಸು ಕಡಿಮೆಯಾಗುತ್ತದೆಂದು ಅಳುವ ಅತ್ತೆ, ಇವರನ್ನೆಲ್ಲ ಅಭಿನಯಿಸಿ ಹನ್ನೊಂದು ಪಟ ಸಂಪಾದಿಸಿದ್ದೆ. ಹನ್ನೆರಡನೆಯದು ತಿರುಪ್ಪೂರಿನದು. ಮಂಜು ಕವಿದ ಬೆಳಗು, ಒದ್ದೆ ಕಲ್ಲಿನ ಬೀದಿ, ಒಂದೇ ಸಾಲಿನಲ್ಲಿ ಕಂಬಗಳು, ಕೊನೆಯ ಕಂಬದ ನೆರಳಲ್ಲಿ ಒಬ್ಬ ಮನುಷ್ಯ. ಹಿಂದೆ ಪಟದಯ್ಯ ಎಂದಿನಂತೆ ಪೆನ್ಸಿಲಿನಲ್ಲಿ ಬರೆದಿದ್ದರು: ಐಪ್ಪಸಿ ತಿಂಗಳ ಮೊದಲ ಸೋಮವಾರ, ಬೆಳಗ್ಗೆ ಏಳು. ನಾನೇ ಚೌಕಟ್ಟು ಹಾಕಿಸಿ ನಡುಮನೆಯ ಗೋಡೆಗೆ ಹೊಡೆದೆ. ನನ್ನ ಕೊರಳಿಗೆ ನಾನೇ ಮೊಳೆ ಹೊಡೆದುಕೊಂಡೆ ಎನ್ನಿ.

ಆಗ ಸೋದರಮಾಮನ ಮಗಳು ಚೌಡಮ್ಮನೊಂದಿಗೆ ನನ್ನ ಮದುವೆ ನಿಶ್ಚಯವಾಗಿತ್ತು. ತೈ ತಿಂಗಳಲ್ಲಿ ಮುಹೂರ್ತ. ಅದರ ಮಾತಿಗೆಂದು ಒಂದು ಮಧ್ಯಾಹ್ನ ಮಾಮ, ಚೌಡಮ್ಮ ಇಬ್ಬರೂ ಬಂದರು. ಮಾಮ ಗೋಡೆಯ ಮುಂದೆ ನಿಂತು ಕನ್ನಡಕ ಏರಿಸಿದರು.

"ಏನ್ಡಾ ಇದು?"

"ತಿರುಪ್ಪೂರು ಬೀದಿ ಮಾಮ. ಬೆಳಕು ಎಂಗೆ ಬಿದ್ದದೆ ನೋಡಿ."

"ಬೆಳಕೂ ಕಾಣ್ತದೆ, ಕಳ್ಳುಕಡೆ ಬಾಗಿಲಲ್ಲಿ ನಿಂತಿರೋ ನೀನೂ ಕಾಣ್ತೀ."

ನಗುತ್ತಲೇ ಹತ್ತಿರ ಹೋದೆ. ಕೊನೆಯ ಕಂಬದ ಮೇಲೆ ಹೆಂಡದಂಗಡಿಯ ಹಲಗೆ. ಅದರ ಕೆಳಗೆ ನಾನು. ನನ್ನ ಮೂಗು, ನನ್ನ ಕಿವಿ, ಎಡ ಹೆಗಲಿಗೆ ಅಜ್ಜಿ ಹಚ್ಚಿದ ಚೌಕಾಕಾರದ ತೇಪೆ ಸಹಿತ ನನ್ನ ಅಂಗಿ. ಮೂರು ವಾರ ದಿನಾ ನೋಡಿದ ಪಟ! ಬೇರೆಯವರ ಮುಖ ಹೊತ್ತು ತಿರುಗುವವನಿಗೆ ತನ್ನ ಮುಖದ ಗುರುತೇ ಸಿಕ್ಕಿರಲಿಲ್ಲ.

ಅಲ್ಲಿಂದ ಶುರುವಾಯಿತು ನನ್ನ ಸಿಟ್ಟು. ಇಂದಿಗೂ ಪೂರ್ತಿ ಆರಿಲ್ಲ. ಏಕೆಂದರೆ ಐಪ್ಪಸಿಯ ಆ ಸೋಮವಾರ ನಾನೆಲ್ಲಿದ್ದೆ ಎಂಬುದಕ್ಕೆ ಸಾಕ್ಷಿ ಬೇರೆ ಯಾರೂ ಅಲ್ಲ, ಮಾಮನೇ! ನಮ್ಮ ಬೀದಿಯಲ್ಲಿ ಮದುವೆ ಸೀರೆಯ ಹಾಸನ್ನು, ಎಂದರೆ ಅದರ ಉದ್ದದ ನೂಲುಗಳನ್ನು, ಗಂಜಿ ಹಾಕಲು ಬೀದಿಯುದ್ದಕ್ಕೆ ಎಳೆದು ಕಟ್ಟುವ ದಿನ, ಒಂದು ತುದಿಯನ್ನು ಹೆಣ್ಣಿನ ತಂದೆ ಹಿಡಿಯಬೇಕು, ಇನ್ನೊಂದನ್ನು ಮದುವೆಯಾಗುವವನು. ಗಂಜಿ ಒಣಗುವ ತನಕ ಬಿಡುವಂತಿಲ್ಲ. ಚೌಡಮ್ಮನ ಸೀರೆಯ ಹಾಸು ಎಳೆದದ್ದು ಅದೇ ಬೆಳಗ್ಗೆ, ಅದೇ ಏಳರ ಹೊತ್ತಿಗೆ. ಆ ತುದಿಯಲ್ಲಿ ಮಾಮ, ಈ ತುದಿಯಲ್ಲಿ ನಾನು, ಅದೇ ತೇಪೆಯ ಅಂಗಿಯಲ್ಲಿ. ಸುಮ್ಮನೆ ನಿಲ್ಲಲಾರದೆ ಮಾಮನ ನಿಲುವನ್ನೇ ಅಣಕಿಸಿ, ಹಾಸು ಅಲ್ಲಾಡಿಸಿ, ಅವರಿಂದಲೇ ಬೈಸಿಕೊಂಡಿದ್ದೆ. ಗಂಜಿ ಹಚ್ಚುತ್ತಿದ್ದವರೆಲ್ಲ ನಕ್ಕಿದ್ದರು.

"ಮಾಮ, ಅವತ್ತು ನನ್ನ ಎದುರಿಗೆ ನಿಂತಿದ್ದವರು ನೀವೇ ಅಲ್ವಾ?"

"ನಿಂತಿದ್ದೆ."

"ನನ್ನ ಬೈದವರೂ ನೀವೇ ಅಲ್ವಾ?"

"ಬೈದೆ. ಆದ್ರೆ ಪಟ ಪೊಯ್ಯಿ ಹೇಳ್ತದಾ? ಸುಳ್ಳು ನೀನು ಹೇಳ್ತೀ, ಪಟ ಹೇಳಲ್ಲ. ಕುಡಿಯೋನಿಗೆ ನಾನು ಹೆಣ್ಣು ಕೊಡಲ್ಲ, ಪೋಡಾ."

ನೀವೇ ಹೇಳಿ, ಇದಕ್ಕೆ ಏನೆನ್ನಬೇಕು? ತನ್ನೆರಡು ಕಣ್ಣಿಂದ ಕಂಡದ್ದು ಸುಳ್ಳು, ಅಂಗೈಯಗಲದ ಕಾಗದ ನಿಜ! ಅಕ್ಕಪಕ್ಕದವರು ಬಂದರು. ಅಂದು ಹಾಸಿನ ಬಳಿ ನನ್ನೊಂದಿಗೆ ನಕ್ಕವರೇ ಪಟ ನೋಡಿ ತಲೆಯಾಡಿಸಿ, "ಇವನೇ, ಇವನೇ" ಎಂದರು. ಅವರಿಗಿಂತ ಹೆಚ್ಚಿನ ರೋಷ ಬಂದದ್ದು ಪಟದೊಳಗಿನವನ ಮೇಲೆ. ಇಷ್ಟು ಜನರನ್ನು ಅಣಕಿಸಿದ್ದೇನೆ, ಎಲ್ಲರ ಎದುರಿಗೇ ಅಣಕಿಸಿದ್ದೇನೆ. ನನ್ನನ್ನು ಹೀಗೆ ಬೆನ್ನ ಹಿಂದೆ, ಅದೂ ಇಷ್ಟು ಚೆನ್ನಾಗಿ ಅಣಕಿಸಲು ಇವನಿಗೆ ಅಪ್ಪಣೆ ಕೊಟ್ಟವರು ಯಾರು?

ಮಾಮ ಮೆಟ್ಟಿಲಿಳಿಯುವಾಗ, ಅಷ್ಟು ಹೊತ್ತೂ ಪಟದ ಮುಂದೆಯೇ ನಿಂತಿದ್ದ ಚೌಡಮ್ಮ ನನ್ನ ಕಡೆ ತಿರುಗಿ ಕೇಳಿದಳು.

"ಇದನ್ನ ತೆಗೀವಾಗ ಎಷ್ಟು ಎಣಿಸ್ತಾರೆ ಅಂದಿದ್ದೆ ನೀನು?"

"ಮೂವತ್ತು."

"ಅಪ್ಪಾ, ಇವನು ಮೂವತ್ತು ಎಣಿಸೋವರೆಗೂ ಅಲ್ಲಾಡದೆ, ಬಾಯಿ ಮುಚ್ಕೊಂಡು ನಿಂತಿದ್ದು ಯಾವಾಗಾದ್ರೂ ನೋಡಿದ್ದೀಯಾ? ಕುಡಿದಿದ್ರಂತೂ ಕೇಳಲೇ ಬೇಡ."

ಎಲ್ಲರೂ ನಕ್ಕರು. ನನ್ನ ಮಾನ ಉಳಿಸಲು ಅವಳು ನನ್ನ ಮಾನವನ್ನೇ ತೆಗೆದಳು. ಮಾಮ ಮಾತ್ರ ನಗಲಿಲ್ಲ. ಅವಳು ಪಟದ ಮೇಲೆ ಇನ್ನೂ ಬೆರಳಿಟ್ಟುಕೊಂಡಿದ್ದಳು. "ಅಪ್ಪಾ, ಬಂದು ಈ ಪಟದೊಳಗಿನವನ ಕೈ ನೋಡು," ಎಂದಳು, ಈ ಸಲ ನಗದೆ.

ಮಾಮ ಮರಳಿ ಬಂದರು. ನಾನೂ ನೋಡಿದೆ. ಕಂಬದ ಬಳಿ ನಿಂತವನು ಎರಡೂ ಮುಷ್ಟಿಗಳನ್ನು ಎದೆಯ ಮಟ್ಟಕ್ಕೆ ಹಿಡಿದು, ಮೊಣಕೈ ಮೈಗೊತ್ತಿ, ಹಿಮ್ಮಡಿಯ ಮೇಲೆ ತುಸು ಹಿಂದಕ್ಕೆ ವಾಲಿದ್ದ. ಬೇರೆ ಯಾರಿಗಾದರೂ ಅದು ಚಳಿಗೆ ಮುದುಡಿದವನಂತೆ ಕಾಣಬಹುದು. ನೇಕಾರನಿಗೆ ಹಾಗೆ ಕಾಣದು. ಅದು ಕುಡಿಯಲು ಬಂದವನ ನಿಲುವಲ್ಲ, ಹಾಸಿನ ತುದಿ ಹಿಡಿದವನ ನಿಲುವು. ಆ ಬೆಳಗ್ಗೆ ನಾನು ನಿಲ್ಲಬೇಕಾಗಿದ್ದ, ನಿಲ್ಲಲಾಗದ ನಿಲುವು. ಮುಷ್ಟಿಯಲ್ಲಿ ಮಾತ್ರ ಒಂದೆಳೆ ನೂಲೂ ಇರಲಿಲ್ಲ.

ಮಾಮ ತಮ್ಮೆರಡು ಕೈಗಳನ್ನು ಎತ್ತಿ, ಹಾಗೆಯೇ ಹಿಡಿದು, ಸ್ವಲ್ಪ ಹೊತ್ತು ಪಟದೆದುರು ನಿಂತರು. ಆಮೇಲೆ ಕೈ ಇಳಿಸಿ, "ತೈಯಲ್ಲೇ ಆಗಲಿ," ಎಂದಷ್ಟೇ ಹೇಳಿ ಹೊರಟರು. ಆ ಪಟದ ಮಾತನ್ನು ಅವರು ಮತ್ತೆ ಎತ್ತಿಲ್ಲ.

ನಾನು ಸುಮ್ಮನಿರಲಿಲ್ಲ. ಪಟದಯ್ಯನ ಬಳಿ ಹೋಗಿ ಜಗಳವಾಡಿದೆ. "ಆ ಕಂಬದ ಹತ್ತಿರ ಯಾರೂ ಇರಲಿಲ್ಲ ತಂಬಿ, ಖಾಲಿ ಅಂತಲೇ ಮುಚ್ಚಳ ತೆಗೆದೆ," ಎಂದು ಗಾಜಿನ ಪ್ಲೇಟನ್ನೇ ಬೆಳಕಿಗೆ ಹಿಡಿದರು. ಅದರಲ್ಲೂ ಅವನಿದ್ದ, ಬಿಳಿಯೆಲ್ಲ ಕಪ್ಪಾಗಿ, ಕಪ್ಪೆಲ್ಲ ಬಿಳಿಯಾಗಿ. ತಿರುಪ್ಪೂರಿಗೆ ಹೋಗಿ ಹೆಂಡದಂಗಡಿಯವನನ್ನು ಕೇಳಿದೆ. "ನಿನ್ನ ನೋಡೇ ಇಲ್ಲ. ಇಂಥ ಮುಖ ಒಂದ್ಸಲ ನೋಡಿದ್ರೆ ಮರೀತಾರಾ?" ಎಂದು ಅವನು ಕೈಮುಗಿದ. ಅದೇ ಕಂಬದ ಬಳಿ ಅದೇ ಹೊತ್ತಿಗೆ ನಿಂತು ಎಣಿಸಿದೆ. ಹನ್ನೆರಡಕ್ಕೆ ಮೂಗು ತುರಿಸಿತು.

ಮದುವೆಯಾಗಿ ಐದು ವರ್ಷ. ಪಟ ಈಗ ಪೆಟ್ಟಿಗೆಯಲ್ಲಿದೆ. ಯಾರು ಅವನು, ಯಾಕೆ ನಿಂತ, ನನ್ನ ಅಂಗಿ ಅವನಿಗೆಲ್ಲಿ ಸಿಕ್ಕಿತು, ನನಗೆ ಗೊತ್ತಿಲ್ಲ. ಗೊತ್ತಿದ್ದವರು ಹೇಳಲಿ, ಅವನಿಗೆ ನಾನು ಆಡಬೇಕಾದ ನಾಲ್ಕು ಮಾತು ಇನ್ನೂ ಬಾಕಿ ಇವೆ. ಮಾಮ ಮತ್ತು ನಾನು ಈಗಲೂ ಬೆಳಗ್ಗೆ ಹಾಸು ಎಳೆಯುತ್ತೇವೆ. ಬೀದಿಯಲ್ಲಿ ಮಂಜಿದ್ದರೆ ಆ ತುದಿಯಿಂದ ಅವರು ನಡುನಡುವೆ ಕೂಗುತ್ತಾರೆ: "ಲೇ, ಇದ್ದೀಯಾ?"

ಮೊದಮೊದಲು ಅವರದೇ ದನಿಯಲ್ಲಿ ಉತ್ತರ ಕೊಡುತ್ತಿದ್ದೆ. ಈಗ ನನ್ನ ದನಿಯಲ್ಲೇ "ಇದ್ದೀನಿ ಮಾಮ" ಎನ್ನುತ್ತೇನೆ. ಹೇಳುವ ಮೊದಲು ಒಮ್ಮೆ ನನ್ನ ಮುಷ್ಟಿಯಲ್ಲಿ ನೂಲಿದೆಯೇ ಎಂದು ನೋಡಿಕೊಳ್ಳುತ್ತೇನೆ.